ಎರಡು ಬಾಯಿಯ ಆಟಗಾರ

ಪರದೇಶದ ಈ ವುಡ್‌ಬ್ರಿಡ್ಜಿನಲ್ಲಿ ರಟ್ಟಿನ ಡಬ್ಬಿಗಳಿಗೆ ಬಣ್ಣ ಅಚ್ಚುಹಾಕುವ ಪ್ರೆಸ್ಸೊಂದರಲ್ಲಿ ನನ್ನ ಗಂಡನದು ಕಣ್ಣಿನ ಕೆಲಸ. ಹೊರಬರುವ ಹಾಳೆಯಲ್ಲಿ ಬಣ್ಣ ಕೂದಲೆಳೆಯಷ್ಟು ಸರಿದಿದ್ದರೂ ಹಿಡಿಯಬೇಕು. ಹುಬ್ಬಳ್ಳಿಯಲ್ಲಿದ್ದಾಗಿನಿಂದ ಅವರಿಗೆ ಗೊತ್ತಿರುವ ಕಸುಬು ಅದೊಂದೇ. ಈ ಬೇಸಿಗೆಯಲ್ಲಿ ಮಾತ್ರ ಸರಿಯಾಗಿದ್ದ ಹಾಳೆಗಳನ್ನೂ ಕೆಟ್ಟಿವೆ ಎಂದು ಮಷೀನು ನಿಲ್ಲಿಸತೊಡಗಿದರು. ಇನ್ನೊಮ್ಮೆ ಹೀಗಾದರೆ ಕೆಲಸದಿಂದ ತೆಗೆಯುವುದಾಗಿ ಮೇಲಿನವರು ಹೇಳಿದ್ದರು.

“ಮಷೀನ ಹಳೇದಾಗೇತಿ. ಶಿಫ್ಟಿನ್ಯಾಗ ಒಬ್ರೂ ಒಪ್ಪೂದಿಲ್ಲ,” ಎಂದು ಸಿಡಿಮಿಡಿಗುಟ್ಟುತ್ತಿದ್ದರು.

“ಕುಣೀಲಾಕ ಬರದಾಕಿ ಅಂಗಳ ಡೊಂಕ ಅಂದ್ಲಂತ,” ಎಂದು ನಾನು ಚೇಷ್ಟೆ ಮಾಡುತ್ತಿದ್ದೆ. ಒಳಗೊಳಗೇ ಹೆದರಿಕೆ. ಮಷೀನೇ ಕೆಟ್ಟಿರಲಪ್ಪಾ ಎಂದು ದೇವರಿಗೆ ಕೈಮುಗಿದದ್ದೂ ಉಂಟು.

ಒಂದು ಶನಿವಾರ ಹತ್ತಿರದ ಸ್ಟೌಫ್‌ವಿಲ್‌ನಲ್ಲಿ, ಮನೆಯ ಹಳೇ ಸಾಮಾನು ಅಂಗಳದಲ್ಲಿಟ್ಟು ಮಾರುವ ಗರಾಜ್ ಸೇಲೊಂದಕ್ಕೆ ಹೋದೆವು. ಅಲ್ಲಿ ಒಂದು ಡಬ್ಬಿಯ ತುಂಬ ಹಳೆಯ ಬೇಸ್‌ಬಾಲ್ ಕಾರ್ಡುಗಳು. ಹಿಂದಿನ ಕಾಲದಲ್ಲಿ ಚೂಯಿಂಗ್ ಗಮ್ ಕೊಂಡ ಮಕ್ಕಳಿಗೆ ಸಿಗುತ್ತಿದ್ದ ಆಟಗಾರರ ಚಿತ್ರಗಳವು. ಇವರ ಮುಖ ಅರಳಿತು. ಒಂದು ಕಣ್ಣು ಕಿರಿದು ಮಾಡಿಕೊಂಡು ಒಂದೊಂದನ್ನೇ ಎತ್ತಿ ತೋರಿಸಿದರು. ಒಬ್ಬನ ಟೋಪಿಯ ಮೇಲೊಂದು ಬಿಳಿ ಉಂಗುರ. ಅಚ್ಚಿನ ಪ್ಲೇಟಿನ ಮೇಲೆ ಧೂಳಿನ ಕಣ ಕೂತರೆ ಹಾಗಾಗುತ್ತದಂತೆ. ಇನ್ನೊಬ್ಬನ ತುಟಿಯ ಕೆಂಪು ಗಲ್ಲಕ್ಕೆ ಹೋಗಿ ಕೂತಿತ್ತು.

“ಆಗ ಒಂದ ಬಣ್ಣ ಆದಮ್ಯಾಲೆ ಇನ್ನೊಂದ ಹಚ್ಚತಿದ್ರು. ನಡುವ ಹಾಳಿ ಒಂಚೂರು ಸರದ್ರ ಮುಗೀತು, ಎರಡು ಬಾಯಿ!”

ಎರಡು ಬಾಯಿಯ ಆ ಮನುಷ್ಯನನ್ನು ನೋಡಿ ನನಗೂ ನಗು ಬಂತು. ಎಷ್ಟೋ ವಾರಗಳ ಮೇಲೆ ಇಬ್ಬರೂ ಕೂಡಿ ನಕ್ಕೆವು.

ಆಮೇಲೆ ಇನ್ನೊಂದು ಕಾರ್ಡನ್ನು ನನ್ನ ಮುಂದೆ ಹಿಡಿದರು. “ಇದೂ ಸರದೈತಲ್ಲ?” ಎಂದು ಕೇಳಿದಾಗ ದನಿ ಸಣ್ಣದಾಗಿತ್ತು.

ಆ ಕಾರ್ಡಿನಲ್ಲಿ ಏನೂ ಸರಿದಿರಲಿಲ್ಲ. ತುಟಿ, ಟೋಪಿ, ಅಂಗಿಯ ಗೆರೆ ಎಲ್ಲವೂ ತಮ್ಮ ತಮ್ಮ ಜಾಗದಲ್ಲಿದ್ದವು. ಹಾಗಾದರೆ ಕೆಟ್ಟದ್ದು ಮಷೀನಲ್ಲ. ಇಲ್ಲ ಎನ್ನಲು ಬಾಯಿ ಬರಲಿಲ್ಲ.

“ಹೌದ್ರೀ, ಭಾಳ ಸರದೈತಿ,” ಎಂದೆ.

ಅವರು ಎಡಗಣ್ಣನ್ನು ಅಂಗೈಯಿಂದ ಮುಚ್ಚಿಕೊಂಡು ಕಾರ್ಡನ್ನು ನೋಡಿದರು. ಅಂಗೈ ತೆಗೆದು ಮತ್ತೆ ನೋಡಿದರು.

“ಒಂದ ಕಣ್ಣಿಲೆ ನೋಡಿದ್ರ ಸರಿ ಐತಿ. ಎರಡೂ ತಗದ್ರ ಎರಡು ಮಾರಿ ಕಾಣಸ್ತಾವ. ತಿಂಗಳಾತು ಹಿಂಗ. ನೀನರ ಖರೇ ಹೇಳ್ತಿ ಅಂತ ಕೇಳ್ದೆ.”

ನನಗೆ ತಲೆ ಎತ್ತಲಾಗಲಿಲ್ಲ. ಅವರು ಕಾರ್ಡನ್ನು ಡಬ್ಬಿಯಲ್ಲಿಟ್ಟು, ಜೇಬಿನಿಂದ ಕಾರಿನ ಕೀಲಿ ತೆಗೆದು ನನ್ನ ಕೈಗೆ ಕೊಟ್ಟರು.

“ಇನ್ಮ್ಯಾಲೆ ಗಾಡಿ ನೀನ ಹೊಡಿ,” ಎಂದರು.