ಅರ್ಧ ಸುತ್ತು

ನನ್ನ ತಮ್ಮ ಸೈಕಲ್ ರಿಪೇರಿ ಮಾಡುವವನು. ಕಾಲೇಜಿನಿಂದ ನಿವೃತ್ತಳಾದ ಮೇಲೆ ನಾನು ಅವನ ಅಂಗಡಿಯ ಮೇಲಿನ ಕೋಣೆಯಲ್ಲಿದ್ದೇನೆ. ಅಂಗಡಿಯ ಮುಂಭಾಗ ನನ್ನ ಕಿಟಕಿಯ ನೇರ ಕೆಳಗಿದೆ.

ನಮ್ಮ ತಂದೆಯದೂ ಅದೇ ಕೆಲಸ. ಕಲಿಯುವಾಗ ನನ್ನ ತಮ್ಮ ತಪ್ಪು ಮಾಡಿದಾಗಲೆಲ್ಲ ಅವರು ತಿರುಪು ಬಿಗಿಸುವ ಪಾನಾದಿಂದ ಅವನ ಬೆರಳಿನ ಗೆಣ್ಣಿಗೆ ಹೊಡೆಯುತ್ತಿದ್ದರು. ಅವನ ಬಲಗೈಯ ನಡುಬೆರಳು ಈಗಲೂ ಪೂರ್ತಿ ಮಡಚುವುದಿಲ್ಲ. ಆದರೆ ಕಡ್ಡಿ ಪೋಣಿಸಿ ಚಕ್ರ ಕಟ್ಟುವುದರಲ್ಲಿ ಅವನದು ಎತ್ತಿದ ಕೈ. ಮಗಳು ಕೆಲಸ ಕಲಿಯುತ್ತೇನೆಂದು ಬಂದಾಗ, ಇವಳಿಗೆ ಒಂದು ಗಡಸು ಮಾತೂ ಆಡುವುದಿಲ್ಲ ಎಂದು ನಿಶ್ಚಯಿಸಿದ. ಆಡಲೂ ಇಲ್ಲ. ಕೆಟ್ಟದ್ದು ಅಲ್ಲಿಂದಲೇ.

ಕಟ್ಟಿದ ಚಕ್ರ ಅತ್ತಿತ್ತ ಓಲಾಡದೆ ನೇರ ತಿರುಗಬೇಕು. ಅದನ್ನು ಕಣ್ಣಿನಿಂದ ನೋಡಿ ತಿಳಿಯಬಹುದು. ಕಡ್ಡಿಗಳು ಸಾಕಷ್ಟು ಬಿಗಿಯಾಗಿವೆಯೇ ಎನ್ನುವುದನ್ನು ಮಾತ್ರ ಎರಡೆರಡನ್ನು ಜೋಡಿಯಾಗಿ ಹಿಂಡಿ ಬೆರಳಿನಿಂದಲೇ ತಿಳಿಯಬೇಕು. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಮಗಳು ತಾನೊಬ್ಬಳೇ ಕಟ್ಟಿದ ಮೊದಲ ಚಕ್ರ ಕೂದಲೆಳೆಯಷ್ಟೂ ಓಲಾಡಲಿಲ್ಲ.

"ಅಪ್ಪಾ, ಹೇಗಿದೆ?"

ತಮ್ಮ ಎರಡು ಕಡ್ಡಿ ಹಿಂಡಿ ನೋಡಿದ. "ಚೆನ್ನಾಗಿದೆ ಕಣಮ್ಮ. ಹೋಗು, ಊಟ ಮಾಡು. ನಿಧಾನವಾಗಿ ಮಾಡು."

ಚಕ್ರ ನೇರವಾಗಿತ್ತು, ಆದರೆ ಸಡಿಲವಾಗಿತ್ತು. ಅವಳು ಒಳಗೆ ಹೋದ ಮೇಲೆ ಪ್ರತಿ ಕಡ್ಡಿಯ ತುದಿಯ ತಿರುಪನ್ನೂ ಅರ್ಧ ಸುತ್ತು ಬಿಗಿ ಮಾಡಿದ. ಎಲ್ಲವನ್ನೂ ಒಂದೇ ಸಮ ತಿರುಗಿಸಿದರೆ ಚಕ್ರದ ನೇರ ಕೆಡುವುದಿಲ್ಲ. ಅವಳಿಗೆ ಗೊತ್ತಾಗಲಿಲ್ಲ.

ಮಾರನೆಯ ದಿನ ಹೇಳೋಣ ಎಂದುಕೊಂಡನಂತೆ. ಆ ಮಾರನೆಯ ದಿನ ಮೂರು ವರ್ಷವಾದರೂ ಬರಲಿಲ್ಲ; ಅವಳ ಪ್ರತಿ ಚಕ್ರಕ್ಕೂ ಕದ್ದು ಅರ್ಧ ಸುತ್ತು ಹಾಕುತ್ತಲೇ ಬಂದ. ಅವಳ ಬೆರಳು ಆ ಸಡಿಲವನ್ನೇ ಬಿಗಿ ಎಂದು ಕಲಿತುಬಿಟ್ಟಿತು. ನಾನು ಇದೆಲ್ಲವನ್ನೂ ಕಿಟಕಿಯಿಂದ ನೋಡಿದ್ದೆ. ಎಂಥ ಮೃದು ಮನಸ್ಸಿನ ತಂದೆ ಎಂದುಕೊಂಡು ಸುಮ್ಮನಿದ್ದೆ. ವಿದ್ಯಾರ್ಥಿಯ ಉತ್ತರವನ್ನು ಕದ್ದು ತಿದ್ದಿ ಪಾಸು ಮಾಡುವ ಸಹೋದ್ಯೋಗಿಯನ್ನು ನಾನು ಒಂದು ದಿನವೂ ಸಹಿಸುತ್ತಿರಲಿಲ್ಲ. ತಮ್ಮನನ್ನು ಮೂರು ವರ್ಷ ಸಹಿಸಿದೆ.

ಆಮೇಲೆ ತಮ್ಮನಿಗೆ ಕಣ್ಣಿನ ಪೊರೆ ತೆಗೆದರು. ಒಂದು ತಿಂಗಳು ಬಗ್ಗಬಾರದು, ಧೂಳಿಗೆ ಹೋಗಬಾರದು ಎಂದರು ಡಾಕ್ಟರು. ಅಂಗಡಿ ಮಗಳ ಕೈಗೆ ಬಂತು. ಹನ್ನೊಂದನೆಯ ದಿನ, ಹಾಲಿನವನ ಸೈಕಲ್ಲಿಗೆ ಅವಳು ಕಟ್ಟಿಕೊಟ್ಟಿದ್ದ ಹಿಂಬದಿಯ ಚಕ್ರ ಭಾರಕ್ಕೆ ಇಳಿಜಾರಿನಲ್ಲಿ ಮಡಚಿಕೊಂಡಿತು. ಎರಡು ತುಂಬಿದ ಕ್ಯಾನುಗಳ ಸಮೇತ ಬಿದ್ದ ಅವನ ಹೆಗಲಿನ ಎಲುಬು ಮುರಿಯಿತು.

ಕೈಯನ್ನು ಕೊರಳಿಗೆ ಜೋಲಿ ಕಟ್ಟಿಕೊಂಡು ಅವನೇ ಅಂಗಡಿಗೆ ಬಂದ. "ಅಳಬೇಡಮ್ಮ. ಹಾಲಂತೂ ರಸ್ತೆ ಪಾಲಾಯ್ತು, ನಾನು ಹೆಂಗೋ ಮನೆ ಪಾಲಾದೆ."

ಪಕ್ಕದ ಅಂಗಡಿಯ ದರ್ಜಿ ಅಷ್ಟಕ್ಕೆ ಬಿಡಲಿಲ್ಲ. "ನಾನು ಅವತ್ತೇ ಹೇಳಿರ್ಲಿಲ್ವಾ? ಸೂಜಿ ಹಿಡಿಯೋ ಕೈಗೆ ಪಾನಾ ಕೊಟ್ರೆ ಹೀಗೇ ಆಗೋದು." ತಾನೇ ಸೂಜಿ ಹಿಡಿದು ಬದುಕುವವನು ಎಂಬುದು ಅವನಿಗೆ ಹೊಳೆಯಲಿಲ್ಲ.

ನನ್ನ ತಮ್ಮ ಕಪ್ಪು ಕನ್ನಡಕ ಹಾಕಿಕೊಂಡು ಒಳಬಾಗಿಲಲ್ಲೇ ನಿಂತಿದ್ದ. ಬಾಯಿ ಬಿಡಲಿಲ್ಲ. ಮಗಳು ಪಾನಾಗಳನ್ನೆಲ್ಲ ಒರೆಸಿ ಪೆಟ್ಟಿಗೆಗೆ ಹಾಕಿದಳು. "ನನ್ನ ಕೈಯೇ ಸರಿ ಇಲ್ಲ ಅಪ್ಪಾ. ಸೋಮವಾರದಿಂದ ಬಟ್ಟೆ ಅಂಗಡಿ ಕೆಲಸಕ್ಕೆ ಬರ್ತೀನಿ ಅಂತ ಹೇಳಿ ಬಂದಿದೀನಿ."

ಅವನು ಮೆಟ್ಟಿಲು ಹತ್ತಿ ನನ್ನ ಹತ್ತಿರ ಬಂದ.

"ಅಕ್ಕಾ, ಹೇಳಿಬಿಡಲಾ?"

"ಮೂರು ವರ್ಷ ನನ್ನ ಕೇಳಿಯೇ ಸುಮ್ಮನಿದ್ಯಾ?"

"ಅವಳು ನನ್ನ ಮುಖ ನೋಡಲ್ಲ."

"ನೋಡದಿದ್ರೆ ಬಿಡಲಿ. ಹೇಳದಿದ್ರೆ ಸಾಯೋತನಕ ತನ್ನ ಕೈಯನ್ನೇ ಬೈಕೊಂಡಿರ್ತಾಳೆ. ನಡಿ, ನಾನೂ ಬರ್ತೀನಿ. ನೋಡಿಯೂ ನೋಡದ ಹಾಗೆ ಇದ್ದವಳು ನಾನು."

ಭಾನುವಾರ ಬೆಳಿಗ್ಗೆ ಅವಳು ನೆಲ ಗುಡಿಸುತ್ತಿದ್ದಾಗ ಅವನು ಹೇಳಿದ. ಅವಳು ಪೊರಕೆ ನಿಲ್ಲಿಸಲಿಲ್ಲ.

"ಎಲ್ಲಾ ಚಕ್ರಾನೂ?"

"ಎಲ್ಲಾ."

"ನಾನು ಊಟಕ್ಕೆ ಹೋದಾಗ?"

"ಹೂಂ."

"ಅದಕ್ಕೇ ನಿಧಾನವಾಗಿ ಊಟ ಮಾಡಮ್ಮ ಅಂತಿದ್ರಾ? ನಾನು, ಪಾಪ ಅಪ್ಪ, ನನ್ನ ಹೊಟ್ಟೆ ಬಗ್ಗೆ ಎಷ್ಟು ಯೋಚಿಸ್ತಾರೆ ಅಂದ್ಕೊಂಡಿದ್ದೆ." ನನ್ನ ಕಡೆ ತಿರುಗಿದಳು. "ಅತ್ತೆ, ನಿಮಗೂ ಗೊತ್ತಿತ್ತು."

"ಗೊತ್ತಿತ್ತು," ಎಂದೆ.

"ನೀನು ನೊಂದ್ಕೋತೀಯ ಅಂತ..." ತಮ್ಮ ಶುರು ಮಾಡಿದ.

"ಹೇಳಿದ್ರೆ ಅಳ್ತಿದ್ದೆ. ಅತ್ಕೊಂಡು ಬಿಗಿ ಮಾಡ್ತಿದ್ದೆ. ನಾನು ಅಳಬಾರದು ಅಂತ ಹಾಲಿನವರ ಎಲುಬು ಮುರೀಬೇಕಿತ್ತಾ?"

ಅವನು ತಲೆ ತಗ್ಗಿಸಿದ.  ಅಷ್ಟರಲ್ಲಿ ಅವಳ ಪೊರಕೆ ನಿಂತಿತು.

"ಆ ಹನ್ನೊಂದು ದಿನದಲ್ಲಿ ಇನ್ನೂ ನಾಲ್ಕು ಚಕ್ರ ಕಟ್ಟಿದೀನಿ. ಅವಕ್ಕೆ ಅರ್ಧ ಸುತ್ತು ಹಾಕಿದ್ಯಾರು?"

ಯಾರೂ ಹಾಕಿರಲಿಲ್ಲ. ಅವು ರಸ್ತೆಯ ಮೇಲಿದ್ದವು. ಪೊರಕೆ ಬಿಸುಟು ಅವನ್ನು ತರಲು ಹೊರಟೇಬಿಟ್ಟಳು. ಬಾಗಿಲಲ್ಲಿ ತಿರುಗಿ, "ಹಾಲಿನವರ ಮನೆಗೆ ನೀವೇ ಹೋಗಿ ಹೇಳಿ," ಎಂದಳು. ತಮ್ಮ ಹೋದ. ಅಲ್ಲಿ ಏನೆನ್ನಿಸಿಕೊಂಡನೋ ನನಗೂ ಹೇಳಿಲ್ಲ. ವಾಪಸು ಬಂದವನು ದರ್ಜಿಯ ಅಂಗಡಿಯ ಮುಂದೆ ನಿಂತು, "ತಪ್ಪು ನನ್ನದು, ಅವಳ ಕೈಯದಲ್ಲ," ಎಂದ. ದರ್ಜಿ ಕತ್ತರಿ ಆಡಿಸುವುದನ್ನು ನಿಲ್ಲಿಸದೆ, "ಈಗ ಹೇಳಿ ಏನು ಬಂತು?" ಎಂದ. ಅವನ ಬಾಯಲ್ಲಿ ನಾನು ಕೇಳಿದ ಒಂದೇ ಸರಿಯಾದ ಮಾತು ಅದು.

ಮಧ್ಯಾಹ್ನದೊಳಗೆ ನಾಲ್ಕು ಸೈಕಲ್‌ಗಳು ಅಂಗಡಿಗೆ ಬಂದವು. ಪೆಟ್ಟಿಗೆ ಮತ್ತೆ ತೆರೆಯಿತು. ನನ್ನ ತಮ್ಮ ಅಭ್ಯಾಸಬಲದಿಂದ ಕೈ ಚಾಚಿದ.

"ಮುಟ್ಟಬೇಡಿ. ಬಾಯಲ್ಲಿ ಹೇಳಿ."

ಅವನು ಸ್ಟೂಲಿನ ಮೇಲೆ ಕೈ ಕಟ್ಟಿ ಕುಳಿತ. ಅವಳು ತಿರುಪು ತಿರುಗಿಸಿ, ಅವನ ಕೈ ಎಳೆದುಕೊಂಡು ಬೆರಳಿನ ನಡುವೆ ಎರಡು ಕಡ್ಡಿ ಇಟ್ಟಳು. "ಸಡಿಲ," ಎಂದ. ಆ ಮಾತು ಅವಳಿಗೆ ಹೇಳಿದ್ದು ಅದೇ ಮೊದಲು.  ಅವಳು ಮತ್ತೆ ತಿರುಗಿಸಿದಳು.

"ಈಗ?"

"ಇನ್ನೂ ಸಡಿಲ."

"ಈಗ?"

"ಚೆನ್ನಾಗಿದೆ ಕಣಮ್ಮ."

ಅವಳು ಅವನ ಮುಖವನ್ನೇ ನೋಡಿದಳು.  ಮನೆಯ ಎರಡು ಕ್ಯಾನುಗಳಿಗೆ ನಲ್ಲಿಯಿಂದ ನೀರು ತುಂಬಿ, ಸೈಕಲ್‌ಗೆ ನೇತುಹಾಕಿ, ಹಾಲಿನವನು ಬಿದ್ದ ಇಳಿಜಾರಿನ ಕಡೆ ತಾನೇ ತುಳಿದುಕೊಂಡು ಹೋದಳು.