ಹುಮನಾಬಾದಿನಲ್ಲಿ ತುಳಿದ ಅನ್ನ

ನನ್ನ ಬಾಲ್ಯದ ಗೆಳೆಯನ ಮನೆಯಲ್ಲಿ ಹಿರಿಯ ಮಗ ಬದುಕುತ್ತಿರಲಿಲ್ಲ. ಅವನ ದೊಡ್ಡಪ್ಪ ಮೀಸೆ ಮೂಡುವ ಹೊತ್ತಿಗೆ ತೀರಿಕೊಂಡಿದ್ದನು. ಅಣ್ಣನೂ ಅದೇ ವಯಸ್ಸಿನಲ್ಲಿ ಜ್ವರ ಬಂದು ಹೋದನು. ಹೀಗೆ ನನ್ನ ಗೆಳೆಯನು ಎರಡನೆಯವನಾಗಿ ಹುಟ್ಟಿ ಹಿರಿಯನಾದವನು.

ನಮ್ಮ ಊರಿಗೆ ಇಂದು ಬಸವಕಲ್ಯಾಣವೆಂಬ ಹೆಸರಿದೆ. ಮೂವತ್ತರ ದಶಕದ ಕೊನೆಯಲ್ಲಿ ನಾವು ಕಲ್ಯಾಣಿ ಎನ್ನುತ್ತಿದ್ದೆವು. ಅವನ ತಂದೆ ಅಲ್ಲಿ ಬಟ್ಟೆಯ ಸಾವಕಾರರು. ನನ್ನ ತಂದೆ ಅದೇ ಅಂಗಡಿಯ ಗಂಟುಗಳನ್ನು ಬಂಡಿಗೆ ಹೇರುವ ಹಮಾಲ. ಹಿಂದೆ ಸಾವಕಾರರ ಮನೆಯನ್ನು ಹಿಗ್ಗಿಸುವಾಗ ಗೆಳೆಯನ ಅಜ್ಜನು ಪಕ್ಕದ ವಿಧವೆಯೊಬ್ಬಳ ಗುಡಿಸಲನ್ನು ಕೆಡವಿಸಿದನಂತೆ. ಅವಳು ಹೊಸ ಹೊಸ್ತಿಲ ಮೇಲೆ ಬೊಗಸೆ ಮಣ್ಣು ತೂರಿ, “ಈ ಮನಿ ಹಿರೇಮಗ ರುಮಾಲ ಕಟ್ಟಬಾರದು” ಎಂದು ಶಪಿಸಿ ಊರು ಬಿಟ್ಟಳಂತೆ. ನಮ್ಮ ಕಡೆ ಹುಡುಗನಿಗೆ ಮೀಸೆ ಬಂದ ಮೇಲೆ ಹಿರಿಯರು ರುಮಾಲು ಕಟ್ಟಿ ಗಂಡಸರ ಸಾಲಿನಲ್ಲಿ ಕೂಡಿಸುತ್ತಾರೆ. ಆದುದರಿಂದ ಶಾಪದ ಅರ್ಥ ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ನಾವು ಮೂವರು ಗೆಳೆಯರು. ಮೂರನೆಯವನು ತಾಮ್ರದ ಪಾತ್ರೆಗಳಿಗೆ ಕಲಾಯಿ ಹಾಕುವವರ ಮನೆಯ ಮುಸ್ಲಿಂ ಹುಡುಗ. ಉರ್ದು ಶಾಲೆಯಲ್ಲಿ ನಾವು ಒಂದೇ ಚಾಪೆಯ ಮೇಲೆ ಕುಳಿತವರು. ಓದಿನಲ್ಲಿ ನಾನು ಮುಂದಿದ್ದುದರಿಂದ ಇಬ್ಬರೂ ನನ್ನನ್ನು ಪಂಡಿತನೆಂದು ಚುಡಾಯಿಸುತ್ತಿದ್ದರು. ನಮ್ಮ ಗೆಳೆಯನ ಮೇಲ್ದುಟಿಯಲ್ಲಿ ಮೊದಲ ನೆರಳು ಕಾಣಿಸಿದ ವರ್ಷ, ಶಾಪವನ್ನು ತೆಗೆದೇ ಬಿಡಬೇಕೆಂದು ನಿರ್ಧರಿಸಿದೆವು.

“ಶಾಪ ಅಂದ್ರ ಕಿಲುಬಿದ್ದಂಗ ಅದ. ತಿಕ್ಕೋ ಕೈ ಗಟ್ಟಿ ಬೇಕು, ಅಷ್ಟೇ” ಎಂದು ಕಲಾಯಿಗಾರರ ಹುಡುಗ ಧೈರ್ಯ ಹೇಳಿದನು.

ಅವನು ದರ್ಗಾದಿಂದ ತಾಯಿತ ತಂದನು. ನಾನು ವಿಧವೆಯ ಗುಡಿಸಲಿದ್ದ ಜಾಗದಲ್ಲಿ ದೀಪವಿಟ್ಟೆ. ಆ ಜಾಗ ಈಗ ಅವರ ದನದ ಕೊಟ್ಟಿಗೆಯಾಗಿತ್ತು. ಎತ್ತೊಂದು ದೀಪವನ್ನು ಒದೆಯಿತು. ಅದನ್ನು ಕಂಡು ನಮ್ಮ ಗೆಳೆಯನು ನಗಲಿಲ್ಲ, ಕೊಟ್ಟಿಗೆಯ ಕಂಬವನ್ನು ಹಿಡಿದು ಅತ್ತನು. ನನ್ನ ಆಯುಷ್ಯದಲ್ಲಿ ಸ್ವಲ್ಪ ಅವನಿಗೆ ಹೋಗಲಿ ಎಂದು ನಾನು ಅಂದು ಮನಸ್ಸಿನಲ್ಲಿ ಬೇಡಿಕೊಂಡಿದ್ದು ನಿಜ. ಆದರೆ ಅದು ಬೇಡಿಕೆ; ಯಾರೂ ಅದನ್ನು ನನ್ನಿಂದ ಕಸಿದುಕೊಂಡಿರಲಿಲ್ಲ.

ಕೆಲವು ದಿನಗಳ ನಂತರ ಗೆಳೆಯನೇ ಸುದ್ದಿ ತಂದನು. ಆ ವಿಧವೆಯ ಮಗಳು ಹುಮನಾಬಾದಿನಲ್ಲಿ, ಅವನ ತಾಯಿಯ ಕಡೆಯ ಅಜ್ಜಿಯ ಊರಿನಲ್ಲಿಯೇ, ಬದುಕಿದ್ದಾಳೆ. ಅವಳಿಗೆ ಉಡಿಯ ಸಾಮಾನು ಒಪ್ಪಿಸಿ ಕ್ಷಮೆ ಕೇಳಿದರೆ ತಾಯಿಯ ಮಾತು ಕರಗುತ್ತದೆ ಎಂದನು. ಬಟ್ಟೆಯ ಬಂಡಿಯಲ್ಲಿ ಗಂಟುಗಳ ಮೇಲೆ ಕುಳಿತು ಮೂವರೂ ಹೊರಟೆವು. ಅಜ್ಜಿ ನಮ್ಮನ್ನು ಪ್ರೀತಿಯಿಂದ ಕಂಡಳು. ನನ್ನ ತಟ್ಟೆಗೆ ಎರಡು ಸಲ ತುಪ್ಪ ಹಾಕಿ, ನಾನು ನಮ್ಮ ಮನೆಯ ಹಿರಿಯ ಮಗನೇ ಎಂದು ವಿಚಾರಿಸಿದಳು. ಹೌದ್ರಿ ಎಂದೆ. ಒಳ್ಳೆಯದು ಎಂದಳು.

ಮರುದಿನ ಸೂರ್ಯ ಹುಟ್ಟುವ ಮೊದಲು ಮಗಳ ಮನೆಗೆ ಹೊರಟೆವು. ಕುಬಸದ ಕಣ, ತೆಂಗಿನಕಾಯಿ, ಅಕ್ಕಿ, ಅರಿಸಿನ ತುಂಬಿದ ಬುಟ್ಟಿಯನ್ನು ಅಜ್ಜಿ ನನ್ನ ತಲೆಯ ಮೇಲಿಟ್ಟಳು. ಎರಡೂ ಕೈಯಿಂದ ಹಿಡಿಯಬೇಕು, ಕತ್ತು ಬಗ್ಗಿಸಬಾರದು, ಮುಂದೆ ಹೋಗುವವನ ಬೆನ್ನನ್ನೇ ನೋಡಬೇಕು ಎಂದು ಹೇಳಿಕೊಟ್ಟಳು. ನಾನು ಪಾಠ ಕಲಿತಂತೆ ಕಲಿತೆ.

ಗೆಳೆಯನು ಮುಂದೆ, ನಾನು ನಡುವೆ, ಕಲಾಯಿಗಾರರ ಹುಡುಗ ಹಿಂದೆ. ಮೂರು ದಾರಿ ಕೂಡುವ ಸ್ಥಳದಲ್ಲಿ ಗೆಳೆಯನ ಬೆನ್ನು ಒಂದು ಕ್ಷಣ ಎಡಕ್ಕೆ ಸರಿದು ಮತ್ತೆ ನೆಟ್ಟಗಾಯಿತು. “ಸೀದಾ ಬಾ” ಎಂದನು. ನಾನು ನೇರವಾಗಿ ಹೋದೆ. ಬರಿಗಾಲಿನ ಕೆಳಗೆ ಮೆತ್ತಗೆ ಏನೋ ಹಿಸುಕಿದಂತಾಯಿತು. ಅದು ಅನ್ನ, ಇನ್ನೂ ಬೆಚ್ಚಗಿತ್ತು.

ಬುಟ್ಟಿಯನ್ನು ಇಳಿಸಿ ನೋಡಿದೆ. ಕುಂಕುಮ ಕಲಸಿದ ಅನ್ನ, ಕೊಯ್ದ ನಿಂಬೆಹಣ್ಣು, ಎಲೆಯ ತುಂಡು. ಒಬ್ಬನ ಮೇಲಿನ ಕೇಡನ್ನು ಇಳಿದೆಗೆದು ದಾರಿಯಲ್ಲಿ ಚೆಲ್ಲುತ್ತಾರೆ; ಮೊದಲು ತುಳಿದವನಿಗೆ ಅದು ಅಂಟಿಕೊಳ್ಳುತ್ತದೆ. ನಡೆಯಲು ಕಲಿಯುವ ಮಗುವಿಗೂ ನಮ್ಮಲ್ಲಿ ಇದನ್ನು ಕಲಿಸುತ್ತಾರೆ. ಹಿಂದೆ ತಿರುಗಿದೆ. ಕಲಾಯಿಗಾರರ ಹುಡುಗ ಅನ್ನವನ್ನು ಸುತ್ತಿ ಬಂದು ನೆಲ ನೋಡುತ್ತ ನಿಂತಿದ್ದನು. ಅವನಿಗೂ ತಿಳಿದಿತ್ತು.

ಮಗಳ ಮನೆ ಎಲ್ಲಿ ಎಂದು ಕೇಳಿದೆ. ಮಗಳು ಎಂಬವಳೇ ಇರಲಿಲ್ಲ.

“ನಿಮ್ಮ ಮನ್ಯಾಗ ನಾಕು ಗಂಡ ಹುಡುಗರಿದ್ದೀರಿ. ನಮ್ಮ ಮನ್ಯಾಗ ನಾನೊಬ್ಬನ ಇದ್ದೀನಿ” ಎಂದು ಗೆಳೆಯನು ಮೆಲ್ಲಗೆ ಹೇಳಿದನು. ಬಹಳ ಯೋಚಿಸಿದ ಮಾತೆಂಬುದು ಅವನ ಧ್ವನಿಯಿಂದಲೇ ತಿಳಿಯುತ್ತಿತ್ತು.

ಊರಿಗೆ ಬಂದು ತಂದೆಗೆ ಹೇಳಿದೆ. ಅವನು ಹೆಗಲ ಮೇಲಿನ ಜಡ್ಡುಗಟ್ಟಿದ ಜಾಗವನ್ನು ಉಜ್ಜಿಕೊಂಡನು. “ಸಾವಕಾರ್ರ ಮನಿ ಮಾತದ. ಬಾಯಿ ಬಿಡಬ್ಯಾಡ ತಮ್ಮಾ” ಎಂದನು. ಮರುದಿನ ಎಂದಿನಂತೆ ಅವರ ಗಂಟು ಹೊರಲು ಹೋದನು.

ಆ ಮೇಲಿನ ಹಬ್ಬಗಳಲ್ಲಿ ಸಾವಕಾರರ ಮನೆಯಿಂದ ನನ್ನ ಹೆಸರು ಹೇಳಿ ಹೋಳಿಗೆ ಬರತೊಡಗಿತು. ಅದುವರೆಗೆ ನನ್ನನ್ನು ಕಟ್ಟೆಯಿಂದ ಮೇಲಕ್ಕೆ ಕರೆಯದ ಮನೆ ಅದು. ಕಡಿಯಲು ಕಟ್ಟಿದ ಹೋತಕ್ಕೆ ಸೊಪ್ಪು ಹಾಕುವುದನ್ನು ನಾನು ನೋಡಿದ್ದೆ. ತಮ್ಮಂದಿರು ತಿಂದರು, ನಾನು ತಿನ್ನಲಿಲ್ಲ. ಮೀಸೆ ಬಂದ ವರ್ಷ, ಮೈ ಸ್ವಲ್ಪ ಬಿಸಿಯಾದರೂ ಗೋಡೆಯ ಕಡೆಗೆ ಮುಖ ಮಾಡಿ ಮಲಗುತ್ತಿದ್ದೆ. ತಾಯಿ ಕಾರಣ ಕೇಳುತ್ತಿದ್ದಳು. ಪರೀಕ್ಷೆಯ ಚಿಂತೆ ಎನ್ನುತ್ತಿದ್ದೆ.

ನಾನು ಸಾಯಲಿಲ್ಲ. ಅವನೂ ಸಾಯಲಿಲ್ಲ. ಅವನಿಗೆ ರುಮಾಲು ಕಟ್ಟಿದ ದಿನ ಅಂಗಡಿಯಲ್ಲಿ ಎಲ್ಲರಿಗೂ ಪೇಢೆ ಹಂಚಿದರು. ತಂದೆ ನನ್ನ ಪಾಲಿನದನ್ನೂ ತಂದಿದ್ದನು.

ನಲವತ್ತರ ದಶಕದಲ್ಲಿ ನಾನು ಹೈದರಾಬಾದಿನಲ್ಲಿ ಪದವಿ ಮುಗಿಸಿ ಊರಿಗೆ ಬಂದೆ. ನಮ್ಮ ಓಣಿಯಲ್ಲಿ ಪದವಿ ಪಡೆದ ಮೊದಲಿಗನು ನಾನೇ. ಸಂಜೆ ಗೆಳೆಯನು ಜರಿಯಂಚಿನ ರುಮಾಲನ್ನು ಹಿಡಿದು ನಮ್ಮ ಮನೆಗೆ ಬಂದನು.

“ಎಲ್ಲಾ ಮುಗೀತಲ್ಲೋ ಪಂಡಿತ. ನಾನೂ ಉಳದೀನಿ, ನೀನೂ ಉಳದಿ. ನನ್ನ ಕೈಲೆ ಕಟ್ಟತೀನಿ, ಬಾ.”

ತಂದೆ ಕಣ್ಣಿನಲ್ಲಿಯೇ ಒಪ್ಪಿಕೊಳ್ಳುವಂತೆ ಸೂಚಿಸಿದನು. ನನಗೆ ಬರಿದಲೆಯೇ ರೂಢಿಯಾಗಿದೆ ಎಂದು ವಿನಯದಿಂದಲೇ ಹೇಳಿದೆ. ಅವನು ರುಮಾಲನ್ನು ಮೊಣಕಾಲಿನ ಮೇಲೆ ಮಡಿಚಿ, ಬಿಚ್ಚಿ, ಮತ್ತೆ ಮಡಿಚಿದನು. ಹೋಗಲು ಎದ್ದಾಗ, ಬಂದವರನ್ನು ಓಣಿಯ ತುದಿಯವರೆಗೆ ಕಳುಹಿಸಬೇಕೆಂಬ ಪದ್ಧತಿಯಂತೆ ನಾನೂ ಜೊತೆಗೆ ಹೊರಟೆ.

ತಿರುವಿನಲ್ಲಿ ಯಾರೋ ಇಳಿದೆಗೆದ ನಿಂಬೆಹಣ್ಣು ಬಿದ್ದಿತ್ತು. ಮುಂದೆ ನಡೆಯುತ್ತಿದ್ದ ಅವನ ಬೆನ್ನು ಎಡಕ್ಕೆ ಸರಿದು ನೆಟ್ಟಗಾಯಿತು. ಅನಂತರ ಅವನು ನಿಂತು ತಿರುಗಿದನು.

“ನಿಂಬಿಹಣ್ಣು ಬಿದ್ದದ. ನೋಡಿ ಬಾ” ಎಂದನು.

ನಾನು ಅದರ ಈಚೆಗೇ ನಿಂತೆ. ಅವನು ಸ್ವಲ್ಪ ಹೊತ್ತು ಕಾಯ್ದನು. ನಾನು ಅಲ್ಲಿಂದಲೇ ಮನೆಗೆ ಹಿಂದಿರುಗಿದೆ.