ಟ್ಯಾಂಕು ತುಂಬಿದಾಗ ಕೂಗುವವರು

ಅರಸೀಕೆರೆ ಬಸ್ ನಿಲ್ದಾಣದಲ್ಲಿ, ಹಳೇಬೀಡಿನ ಬಸ್ಸು ಹತ್ತಿ ಕೂತಿದ್ದ ಕಮಲಕ್ಕ ಕಿಟಕಿಯಿಂದ ಕೈ ಚಾಚಿ ನನ್ನ ಕೈ ಹಿಡಿದುಕೊಂಡರು. ನಮ್ಮ ಪಕ್ಕದ ಮನೆಯಲ್ಲಿದ್ದವರು, ಮಾದಿಹಳ್ಳಿಯ ಮಗಳ ಮನೆಗೆ ಹೋಗಿ ವರ್ಷವಾಗಿತ್ತು. ಹೇಗಿದ್ದೀಯ ಎಂದೂ ಕೇಳದೆ, "ನಿಮ್ ಟ್ಯಾಂಕು ತುಂಬಿದ್ರೆ ಈಗ ಯಾರು ಕೂಗ್ತಾರೆ ಕಣೇ?" ಎಂದರು.

ನಾನು ಮೋಟಾರು ಹಾಕಿ ಮರೆಯುವವಳು. ತಾರಸಿಯಿಂದ ನೀರು ಸುರಿಯತೊಡಗಿದರೆ ಕಾಂಪೌಂಡಿನ ಆಚೆಯಿಂದ ಅವರೇ ಕೂಗುತ್ತಿದ್ದರು. ಮೋಟಾರು ಆರಿಸಿದ ಮೇಲೆ, ಕೂಗಿದ ತಪ್ಪಿಗೆ ಅವರು ನಮ್ಮಲ್ಲಿ ಕಾಫಿ ಕುಡಿದೇ ಹೋಗಬೇಕಿತ್ತು.

"ಟ್ಯಾಂಕಿಗೆ ಸೆನ್ಸರ್ ಹಾಕಿಸಿದೀವಿ ಅಕ್ಕ. ತುಂಬಿದ ತಕ್ಷಣ ಅದೇ ಪೀ ಪೀ ಅಂತ ಬಡ್ಕೊಳ್ಳುತ್ತೆ" ಎಂದೆ, ಸ್ವಲ್ಪ ಜಂಬದಿಂದಲೇ.

"ಒಳ್ಳೇದಾಯ್ತು ಬಿಡು. ಬಡ್ಕೊಂಡ್ಮೇಲೆ ಕಾಫಿಗೆ ಬತ್ತೈತಾ?" ಎಂದರು. ನಗಲಿಲ್ಲ. ಬಸ್ಸು ಹೊರಟಿತು.

ಮರುದಿನ ಬೆಳಿಗ್ಗೆ ಸೆನ್ಸರಿನ ವೈರು ಕಿತ್ತಿಟ್ಟು ಮೋಟಾರು ಹಾಕಿದೆ. ನೀರು ತುಂಬಿ ಗೋಡೆಯ ಮೇಲೆ ಇಳಿಯುವವರೆಗೂ ಹಿತ್ತಲಿನಲ್ಲೇ ನಿಂತಿದ್ದೆ. ಕಮಲಕ್ಕನ ಮನೆಗೆ ಬಂದಿರುವ ಹೊಸ ಬಾಡಿಗೆಯವರು ಒಮ್ಮೆ ಇತ್ತ ನೋಡಿದರು. ಆಮೇಲೆ, ಹನಿ ಸಿಡಿಯದಂತೆ ತಮ್ಮ ಕಿಟಕಿ ಮುಚ್ಚಿಕೊಂಡರು.